ಕೆಮ್ಮುವ ಗಾಡಿಗೆ ಅಮಾವಾಸ್ಯೆಯ ನಿಂಬೆಹಣ್ಣು

ಎಷ್ಟು ಪ್ರಶ್ನೆ ಕೇಳಿದರೂ ಉತ್ತರ ಕೊಡದೆ, ಎಷ್ಟು ಬೈದರೂ ಸಿಟ್ಟಿಗೇಳದೆ, ಎದುರಿಗಿದ್ದವರೇ ದಣಿದು ಕೂರುವ ಹಾಗೆ ಮಾಡುವ ಶಕ್ತಿ ನನಗೆ ತಿಳಿದಂತೆ ಈ ಭೂಮಿಯ ಮೇಲೆ ಎರಡಕ್ಕೇ ಇದೆ. ಒಂದು, ನಮ್ಮ ಕಾಲೇಜಿನ ಪ್ರಾಂಶುಪಾಲರು. ಇನ್ನೊಂದು, ಹಳೆಯ ಮೋಟಾರ್ ಸೈಕಲ್ಲು. ಪ್ರಾಂಶುಪಾಲರಾದರೂ ವರ್ಷಕ್ಕೊಮ್ಮೆ ವಾರ್ಷಿಕೋತ್ಸವದಲ್ಲಿ ಬಾಯಿ ಬಿಡುತ್ತಾರೆ. ಮೋಟಾರ್ ಸೈಕಲ್ಲು ಬಾಯಿ ಬಿಟ್ಟರೆ ಹೇಳುವುದು 'ಟಪ್' ಅಂತ, ಅಷ್ಟೇ. ಅದರ ಅರ್ಥವೇನೆಂದು ಕೇಳಿದರೆ ಹೊಸಪೇಟೆಯಲ್ಲಿ ತಲೆಗೊಂದು ವ್ಯಾಖ್ಯಾನ ಸಿಗುತ್ತದೆ, ಹೆಲ್ಮೆಟ್ ಹಾಕಿದ ತಲೆಗೆ ಎರಡು.

ನಾನು ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು. ಹೈಸ್ಕೂಲಿನಿಂದ ಹಿಡಿದು ಎಂ.ಎ. ಮುಗಿಯುವವರೆಗೂ ಪರವಾಗಿ ಮೂರು ನಿಮಿಷ, ವಿರೋಧವಾಗಿ ಮೂರು ನಿಮಿಷ, ಗಂಟೆ ಬಾರಿಸಿದ ಮೇಲೂ ಒಂದು ನಿಮಿಷ ಮಾತಾಡಿ, ಮನೆಯ ಷೋಕೇಸಿನ ತುಂಬ ಪ್ಲಾಸ್ಟಿಕ್ ಕಪ್ಪುಗಳನ್ನು ಗೆದ್ದು ತಂದಿದ್ದೇನೆ. ಈಗ ಹೊಸಪೇಟೆಯ ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರದ ಅತಿಥಿ ಉಪನ್ಯಾಸಕಿ. ಹೆಸರಿಗೆ ಅತಿಥಿ, ಚಹಾ ಮಾತ್ರ ನಾನೇ ತರಿಸಿಕೊಳ್ಳಬೇಕು. ಈ ತರಬೇತಿಯಿಂದ ಆಗಿರುವ ನಷ್ಟವೆಂದರೆ, ಯಾರು ಏನೇ ಹೇಳಲಿ, 'ಅದಕ್ಕೆ ಆಧಾರ?' ಎಂಬ ಪ್ರಶ್ನೆ ನನ್ನ ಬಾಯಿಂದ ಬಿಕ್ಕಳಿಕೆಯ ಹಾಗೆ ತಾನಾಗಿ ಬಂದುಬಿಡುತ್ತದೆ. ಒಮ್ಮೆ ನನ್ನನ್ನು ನೋಡಲು ಬಂದ ಗಂಡಿನ ಕಡೆಯ ಹಿರಿಯರೊಬ್ಬರು, ಮೂವತ್ತಾರರಲ್ಲಿ ಮೂವತ್ತೊಂದು ಗುಣ ಕೂಡಿವೆ ಎಂದು ಹಿಗ್ಗಿ ಹೇಳಿದರು. ಕೂಡದಿರುವ ಐದು ಗುಣ ಯಾವುವು, ಅವು ಯಾರಲ್ಲಿ ಇಲ್ಲ ಎಂದು ಕೇಳಿದೆ. ಉಪ್ಪಿಟ್ಟು ಅರ್ಧಕ್ಕೇ ಬಿಟ್ಟು ಎದ್ದುಹೋದರು. ನನಗೆ ಮೃದುಲಾ ಎಂದು ಹೆಸರಿಟ್ಟವಳು ನನ್ನ ಅಮ್ಮ. ಆ ಹೆಸರಿಗೆ ಆಧಾರವೇನೆಂದು ಈಗ ಎಲ್ಲರೂ ಅವಳನ್ನು ಕೇಳುತ್ತಾರೆ.

ಗಾಡಿ ನನ್ನ ಸೋದರಮಾವ ರಾಘುಮಾಮನದು. ವಯಸ್ಸಿನಲ್ಲಿ ನನಗಿಂತ ಹಿರಿಯದು. ಒಂದೇ ಇಂಜಿನ್ನಿಗೆ ಎರಡು ಸೈಲೆನ್ಸರು. ಕಿಕ್ಕರ್ ಹೊಡೆದಾದ ಮೇಲೆ ಅದೇ ಕಿಕ್ಕರನ್ನು ಮುಂದಕ್ಕೆ ಮಲಗಿಸಿದರೆ ಗೇರು. ಕಂಪನಿಯ ಹೆಸರು ಹೇಳುವುದಿಲ್ಲ. ಹೇಳಿದರೆ ಆ ಗಾಡಿಯ ಭಕ್ತರು ಊರಿಗೊಬ್ಬರಂತೆ ಎದ್ದುಬಂದು, ತಮ್ಮದು ಇವತ್ತಿನವರೆಗೆ ಒಮ್ಮೆಯೂ ಕೆಮ್ಮಿಲ್ಲವೆಂದು ಆಣೆ ಮಾಡುತ್ತಾರೆ. ರಾಘುಮಾಮ ಅದಿರಿನ ಲಾರಿ ತೂಗುವ ಕಾಟಾದಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಮುಳ್ಳು ಗೆರೆಯ ಈಚೆಗಿದ್ದರೆ ಸರಿ, ಆಚೆಗೆ ಹೋದರೆ ತಪ್ಪು. ಇಷ್ಟೇ ಅವನ ಧರ್ಮಶಾಸ್ತ್ರ. ಹೋಳಿಗೆಯನ್ನು ಎರಡು ಪಾಲು ಮಾಡಿಕೊಟ್ಟರೆ ಎರಡನ್ನೂ ಅಂಗೈಯಲ್ಲಿಟ್ಟು ತೂಗಿ ನೋಡಿಯೇ ತಿನ್ನುತ್ತಾನೆ.

ನಿವೃತ್ತಿಯ ಹುರುಪಿನಲ್ಲಿ ಅವನು ಗಾಡಿಗೆ ಹೊಸ ಬಣ್ಣ ಹೊಡೆಸಿದ. ಹೊಡೆದವನು ಲಾರಿಗಳ ಪೇಂಟರು. ಲಾರಿಯ ಅಳತೆಗೆ ಪಳಗಿದ ಕೈ ಬೈಕಿನ ಮೇಲೆ ಬಿದ್ದರೆ ಏನಾಗುತ್ತದೋ ಅದೇ ಆಯಿತು. ಇಂಜಿನ್ ಇಳಿಸಿ, ಚಾಸಿಯ ಸಂದುಗೊಂದು ಬಿಡದೆ, ಬೋಲ್ಟು ಕೂರುವ ತೂತಿನೊಳಗೂ ಬ್ರಶ್ ತೂರಿಸಿ ಮೂರು ಕೋಟು ಬಳಿದ. ಹಿಂದಿನ ಮಡ್‌ಗಾರ್ಡಿನ ಮೇಲೆ 'ಹಾರ್ನ್ ಮಾಡಿ' ಎಂದು ಬರೆಯಹೊರಟಾಗ ಮಾತ್ರ ಮಾಮ ಅವನ ಕೈ ಹಿಡಿದುಕೊಂಡ. ಗಾಡಿ ಹಣ್ಣು ನೇರಳೆಯಂತೆ ಮಿಂಚಿತು, ಕೆಲವೇ ದಿನಗಳಲ್ಲಿ ಕೆಮ್ಮತೊಡಗಿತು. ಡುಗುಡುಗು ಎಂದು ಸೊಗಸಾಗಿ ಹೋಗುತ್ತಿರುವಾಗಲೇ ಒಂದು ಕ್ಷಣ ಉಸಿರು ಕಟ್ಟುತ್ತದೆ, ಸವಾರನ ತಲೆ ಮುಂದಕ್ಕೆ ಬಾಗುತ್ತದೆ, ಆಮೇಲೆ ಸೈಲೆನ್ಸರಿನಿಂದ 'ಟಪ್'. ಬಸ್ ಸ್ಟ್ಯಾಂಡಿನ ಎದುರು ಒಮ್ಮೆ ಹೀಗಾದಾಗ ಟ್ರಾಫಿಕ್ ಪೊಲೀಸಿನವರು ಪೆಟ್ಟಿ ಅಂಗಡಿಯ ಮರೆಗೆ ಹಾರಿ, ಬಳಿಕ ಬೀಡಾ ಕೊಳ್ಳಲು ಬಂದವರಂತೆ ನಿಂತರು.

ಮಾಮನಿಗೆ ಈಚೆಗೆ ಮೊಣಕಾಲು ನೋವು. ಕಿಕ್ಕರ್ ಹೊಡೆಯುವುದು ಆಗದು. ಹೀಗಿರುವಾಗ ಹಂಪಿ ದಾರಿಯಲ್ಲಿ ಹೋಟೆಲ್ ಇಟ್ಟಿರುವ ಒಬ್ಬ ಮಹಾನುಭಾವರ ಕಣ್ಣು ಗಾಡಿಯ ಮೇಲೆ ಬಿತ್ತು. ಅವರ ಯೋಜನೆ ಕೇಳಿ ನನಗೆ ಅನ್ನ ಇಳಿಯಲಿಲ್ಲ. ಗಾಡಿಯನ್ನು ಹೋಟೆಲಿನ ಅಂಗಳದಲ್ಲಿ ಸಿಮೆಂಟಿನಲ್ಲಿ ಹೂತು ನಿಲ್ಲಿಸುವುದು. ಹೆಡ್‌ಲೈಟ್ ಕಿತ್ತು ಅಲ್ಲೊಂದು ಹೂಕುಂಡ. ಪೆಟ್ರೋಲ್ ಟ್ಯಾಂಕಿಗೆ ನೀರು ತುಂಬಿ, ನಲ್ಲಿ ಕೂರಿಸಿ, ಊಟ ಮಾಡಿದವರಿಗೆ ಕೈ ತೊಳೆಯುವ ಏರ್ಪಾಡು. ಮೇಲೆ ಕೂತು ಫೋಟೋ ತೆಗೆಸಿಕೊಳ್ಳುವುದು ಪ್ರವಾಸಿಗಳ ಇಷ್ಟ. ನಾನು ಹುಟ್ಟಿದಾಗ ಆಸ್ಪತ್ರೆಯಿಂದ ಮನೆಗೆ ಬಂದದ್ದು ಅಮ್ಮನ ಮಡಿಲಲ್ಲಿ, ಅಮ್ಮ ಬಂದದ್ದು ಆ ಗಾಡಿಯ ಹಿಂದಿನ ಸೀಟಿನಲ್ಲಿ. ಅಂಥದರ ಟ್ಯಾಂಕಿನಲ್ಲಿ ಯಾರೋ ಪಲಾವಿನ ಕೈ ತೊಳೆಯುವುದೆ? ಗಾಡಿ ನನಗೇ ಕೊಡಬೇಕೆಂದು ಮಾಮನ ಮುಂದೆ ಪಟ್ಟು ಹಿಡಿದು ಹದಿನಾಲ್ಕು ಕಾರಣ ಕೊಟ್ಟೆ. ಹದಿನೈದನೆಯದಕ್ಕೆ ಅವನು ಕೈ ಎತ್ತಿದ.

"ಸಾಕವಾ, ಕಾಟಾದ ಮ್ಯಾಲೆ ಮಾತು ತೂಗಂಗಿಲ್ಲ. ಬರೋ ಐತವಾರ ನನ್ನನ್ನ ಹಿಂದ ಕೂಡಿಸಿಕೊಂಡು ಸಂಡೂರ ಘಾಟಿ ಹತ್ತಸು. ಮ್ಯಾಲೆ ಮುಟ್ಟೋತನಕ ಒಂದ ಸಲಾನೂ 'ಟಪ್' ಅನ್ನಬಾರದು. ಅನ್ನಲಿಲ್ಲ, ಗಾಡಿ ನಿಂದು. ಅಂತು, ಸೋಮವಾರ ಹೋಟೆಲ್ನವರು ಟೆಂಪೋ ತರ್ತಾರ."

ನನ್ನ ಕೈಯಲ್ಲಿದ್ದುದು ಒಂದು ವಾರ. ಕಾಲೇಜಿಗೆ ರಜೆ. ಮರುದಿನ ಸೋಮವಾರ ಬೆಳಿಗ್ಗೆಯೇ ಗಾಡಿಯನ್ನು ಮಾಮನ ಮನೆಯಿಂದ ಹೊರಗೆಳೆದೆ. ಎಳೆದವಳೇ ಮೊದಲು ಮಾಡಿದ ಕೆಲಸವೆಂದರೆ, ಅದರ ಮುಂಭಾಗದಲ್ಲಿ ಕಟ್ಟಿದ್ದ ನಿಂಬೆಹಣ್ಣು, ಮೆಣಸಿನಕಾಯಿಗಳನ್ನು ತಂತಿಸಮೇತ ಕತ್ತರಿಸಿ ಕಸದ ಬುಟ್ಟಿಗೆ ಎಸೆದದ್ದು. ಅದು ಮಾಮನ ಹೆಂಡತಿ ಪದ್ಮತ್ತೆಯ ಏರ್ಪಾಡು. ನಮ್ಮ ಕಡೆ ಅಮಾವಾಸ್ಯೆ ಬಂತೆಂದರೆ ಅದಿರಿನ ಲಾರಿಗಳ ಮೂತಿಗೆಲ್ಲ ಹೊಸ ನಿಂಬೆಹಣ್ಣು ಬೀಳುತ್ತದೆ. ಕಾಟಾದ ಮುಂದೆ ಅದನ್ನು ಸಾಲಾಗಿ ನೋಡಿದ ಮಾಮ ಮನೆಗೆ ಬಂದು ಹೇಳಿದ್ದ, ಅತ್ತೆ ಅಂದಿನಿಂದ ಪ್ರತಿ ಅಮಾವಾಸ್ಯೆಗೂ ತಪ್ಪದೆ ಕಟ್ಟುತ್ತ ಬಂದಿದ್ದಳು. ವೈಜ್ಞಾನಿಕ ತಪಾಸಣೆ ಶುರುವಾಗುವ ಮುನ್ನ ಮೂಢನಂಬಿಕೆ ಜಾಗ ಖಾಲಿ ಮಾಡಬೇಕು ಎಂದು ನಾನು ಕತ್ತರಿ ಆಡಿಸಿ ಹೇಳಿದೆ. ಅತ್ತೆ ಬಾಗಿಲಲ್ಲಿ ನಿಂತು ನೋಡಿದಳು. "ಆತು ಬಿಡು" ಎಂದಳು. ವಾದ ಮಾಡದೆ ಒಪ್ಪಿಕೊಳ್ಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಭಯ.

ಗಾಡಿಯನ್ನು ಚಿತ್ತವಾಡ್ಗಿಯ ಹುಸೇನಪ್ಪಣ್ಣನ ಗ್ಯಾರೇಜಿಗೆ ಒಯ್ಯುವಷ್ಟರಲ್ಲಿ ಅದು ಹದಿನೆಂಟು ಸಲ ಕೆಮ್ಮಿತು, ಏಳು ಮಂದಿ ಸಲಹೆ ಕೊಟ್ಟರು. ಒಬ್ಬರು ಪೆಟ್ರೋಲಿನಲ್ಲಿ ನೀರು ಎಂದರು. ಒಬ್ಬರು ಪೆಟ್ರೋಲ್ ಕಡಿಮೆ ಎಂದರು. ಇನ್ನೊಬ್ಬರು ಹೆಣ್ಣುಮಕ್ಕಳ ಕೈಗೆ ಗಾಡಿ ಹೊಂದುವುದಿಲ್ಲ ಎಂದರು. ಅವರನ್ನು ನಿಲ್ಲಿಸಿಕೊಂಡು, ಕಳೆದ ತಿಂಗಳು ಮಾಮನ ಕೈಯಲ್ಲೂ ಕೆಮ್ಮಿತ್ತು, ಹಾಗಾದರೆ ಮಾಮ ಗಂಡೋ ಹೆಣ್ಣೋ ಎಂದು ಕೇಳಿದೆ. ಉತ್ತರ ಹುಡುಕುತ್ತ ಅವರು ಬಂದ ಬಸ್ಸನ್ನು ಬಿಟ್ಟುಕೊಂಡರು.

ಹುಸೇನಪ್ಪಣ್ಣ ಮಾತು ಕಮ್ಮಿಯ ಮನುಷ್ಯ. ಗಿರಾಕಿ ಹೇಳುವುದನ್ನು ಕೇಳುವುದಿಲ್ಲ, ಇಂಜಿನ್ ಹೇಳುವುದನ್ನು ಕೇಳುತ್ತಾನೆ. ಸ್ಕ್ರೂಡ್ರೈವರಿನ ಒಂದು ತುದಿಯನ್ನು ಇಂಜಿನ್ನಿಗೂ ಇನ್ನೊಂದನ್ನು ಕಿವಿಗೂ ಆನಿಸಿಕೊಂಡು, ಮಗುವಿನ ಎದೆ ನೋಡುವ ಡಾಕ್ಟರಂತೆ ಕಣ್ಣು ಮುಚ್ಚಿದ. ನಾನು ಅಷ್ಟರಲ್ಲಿ ಅಂತರ್ಜಾಲದಲ್ಲಿ ಓದಿ ಸಿದ್ಧವಾಗಿದ್ದ ನನ್ನ ಪೀಠಿಕೆಯನ್ನು ಆರಂಭಿಸಿದ್ದೆ. ಕಿಡಿ ಹುಟ್ಟುವುದು ಪ್ಲಗ್ಗಿನ ತುದಿಯಲ್ಲಿ. ಪ್ಲಗ್ಗಿಗೆ ಶಕ್ತಿ ಕಾಯಿಲ್‌ನಿಂದ. ಕಾಯಿಲ್‌ಗೆ ಯಾವಾಗ ಕೊಡು, ಯಾವಾಗ ಬಿಡು ಎಂದು ಹೇಳುವುದು ಪಾಯಿಂಟು. ಎರಡು ಪುಟ್ಟ ತುಟಿಗಳು ಕೂಡಿ ಬಿಡುವ ಹಾಗೆ ಅದರ ಕೆಲಸ. ಆ ತುಟಿ ಸುಡದಂತೆ ಕಾಯುವುದು ಕಂಡೆನ್ಸರು. ಇಷ್ಟರಲ್ಲಿ ಯಾರೋ ಒಬ್ಬರು ಅಪರಾಧಿ. ಒಬ್ಬೊಬ್ಬರನ್ನೇ ಕಟಕಟೆಗೆ ತರೋಣ, ಒಂದು ಸಲಕ್ಕೆ ಒಂದೇ ಸಾಮಾನು ಬದಲಾಯಿಸೋಣ...

"ಮೇಡಂ," ಎಂದ ಹುಸೇನಪ್ಪಣ್ಣ ಕಣ್ಣು ತೆರೆಯದೆ, "ನೀವು ಮಾತಾಡಿದ್ರ ಇಂಜಿನ್ ಮಾತು ಕೇಳಸಂಗಿಲ್ರಿ."

ಅವನ ಗ್ಯಾರೇಜಿನ ಬಾಗಿಲಿಗೂ ಒಂದು ನಿಂಬೆಹಣ್ಣು ತೂಗುತ್ತಿತ್ತು. ನನ್ನ ಬಿಕ್ಕಳಿಕೆ ತಡೆಯಲಿಲ್ಲ. "ಅಲ್ರಿ ಅಣ್ಣಾ, ಮಷೀನಿನ ಕೆಲಸ ಮಾಡೋರು ನೀವೂ ಇದನ್ನ ನಂಬತೀರೇನು?"

"ನಾ ಎಲ್ಲಿ ನಂಬತೀನ್ರಿ? ಅದು ಗಿರಾಕಿಗೋಳ ಸಲುವಾಗಿ ಕಟ್ಟಿದ್ದು. ಅದಿಲ್ಲಂದ್ರ ನನ್ನ ನಂಬಂಗಿಲ್ಲ ಅವರು."

ಮೊದಲ ದಿನ ಪ್ಲಗ್ಗು ಬದಲಾಯಿತು. ಟಪ್. ಮರುದಿನ ಪಾಯಿಂಟು. ಟಪ್, ಈ ಸಲ ತುಸು ಗಟ್ಟಿಯಾಗಿಯೇ. ಕಂಡೆನ್ಸರು ಈ ಕಾಲದಲ್ಲಿ ಅಂಗಡಿಯಲ್ಲಿ ಸಿಗುವುದಿಲ್ಲವೆಂದು, ಕಂಪ್ಲಿಯಲ್ಲಿ ಇಂಥದೇ ಗಾಡಿ ಇಟ್ಟುಕೊಂಡಿರುವ ಅಕ್ಕಿ ಗಿರಣಿಯ ಯಜಮಾನರೊಬ್ಬರ ಬಳಿಗೆ ಬಸ್ಸಿನಲ್ಲಿ ಹೋದೆ. ಅವರು ಅದನ್ನು ಜರಿಪಂಚೆಯ ಮಡಿಕೆಯಲ್ಲಿ ಸುತ್ತಿ, ಗಾದ್ರೇಜಿನಲ್ಲಿ ಬೀಗ ಹಾಕಿ ಇಟ್ಟಿದ್ದರು. ಕೈಗೆ ಕೊಡುವ ಮುನ್ನ ಕನ್ಯಾದಾನ ಮಾಡುವವರಂತೆ ವಿಚಾರಿಸಿದರು. "ಗಾಡಿ ನೆರಳಾಗ ನಿಲ್ಲಸ್ತೀರೇನಮ್ಮಾ? ದಿನಾ ಒರಸ್ತೀರಾ? ಮನೆಯಾಗ ಇನ್ನೊಂದು ಗಾಡಿ ಐತೇನು? ಐತಂದ್ರ ಇದನ್ನ ಮೂಲಿಗೆ ಹಾಕಬ್ಯಾಡ್ರಿ ಮತ್ತ." ನನ್ನ ಜೀವನದಲ್ಲಿ ಮೊದಲ ಬಾರಿಗೆ ಒಂದು ಸಂದರ್ಶನದಲ್ಲಿ ಎದುರು ಪ್ರಶ್ನೆ ಕೇಳದೆ ತಲೆ ತಗ್ಗಿಸಿ ಪಾಸಾದೆ. ಅಷ್ಟು ಮಾಡಿ ತಂದ ಕಂಡೆನ್ಸರನ್ನು ಹಾಕಿದರೂ ಟಪ್. ಗುರುವಾರ ಕಾಯಿಲ್ ಬದಲಾಯಿತು. ಟಪ್ ಟಪ್. ಮೊದಲು ಯಾವಾಗಲೋ ಒಮ್ಮೆ ಕೆಮ್ಮುತ್ತಿದ್ದ ಗಾಡಿ ಈಗ ಗ್ಯಾರೇಜಿನಿಂದ ಮೂಲೆಯವರೆಗೆ ಹೋಗಿ ಬರುವುದರೊಳಗೆ ಭಜನೆಯ ತಾಳ ಹಾಕುತ್ತಿತ್ತು. ಆರೋಪಿಗಳೆಲ್ಲ ನಿರ್ದೋಷಿಗಳೆಂದು ಬಿಡುಗಡೆಯಾದ ಮೇಲೆ ಕಟಕಟೆಯಲ್ಲಿ ಉಳಿದವಳು ನಾನೊಬ್ಬಳೇ.

ಶುಕ್ರವಾರ ಬೆಳಿಗ್ಗೆ ಪದ್ಮತ್ತೆ ಆಟೋದಲ್ಲಿ ಗ್ಯಾರೇಜಿಗೆ ಬಂದಿಳಿದಳು. ಕೈಚೀಲದಿಂದ ಅವಳು ಮೊದಲು ತೆಗೆದದ್ದು ಅಡುಗೆಮನೆಯ ಕ್ಯಾಲೆಂಡರು. ಹಾಲಿನವನು ಬಾರದ ದಿನ, ಸಿಲಿಂಡರ್ ಬಂದ ದಿನಗಳ ನಡುವೆ ಅಲ್ಲಲ್ಲಿ ಒಂದು 'ಟ' ಬರೆದಿತ್ತು.

"ನಿಮ್ಮ ಮಾಮ ಮನಿಗೆ ಬಂದು 'ಇವತ್ತ ಮತ್ತ ಟಪ್ ಅಂತು' ಅಂತ ಗೊಣಗಿದ ದಿನ ಗುರ್ತು ಹಾಕೇನಿ. ನೋಡು. ಎಲ್ಲಾ 'ಟ'ಗೋಳು ಅಮಾವಾಸಿಗೆ ನಾಕು ದಿನ ಮುಂಚೆ ಅವ. ಹೊಸ ಹಣ್ಣು ಕಟ್ಟಿದ ಮ್ಯಾಲೆ ಒಂದೂ ಇಲ್ಲ. ಇನ್ನ ನೀ ಕಿತ್ತು ಒಗದ ದಿನದಿಂದ ನೋಡು, ದಿನಾ 'ಟ'."

ನೋಡಿದೆ. ಕ್ಯಾಲೆಂಡರು ಸುಳ್ಳು ಹೇಳುತ್ತಿರಲಿಲ್ಲ. ಎಂಟು ತಿಂಗಳ ದಾಖಲೆ. ನಾನು ನನ್ನ ವಿದ್ಯಾರ್ಥಿಗಳಿಗೆ 'ಅಂಕಿಅಂಶ ತನ್ನಿ, ಅಂಕಿಅಂಶ ತನ್ನಿ' ಎಂದು ಬಡಿದುಕೊಂಡರೂ ಒಬ್ಬರೂ ಇಷ್ಟು ಚೊಕ್ಕವಾಗಿ ತಂದವರಿಲ್ಲ. ಆದರೂ ಸೋಲೊಪ್ಪುವ ಅಭ್ಯಾಸವಿಲ್ಲವಲ್ಲ. "ಅತ್ತೇ, ಎರಡು ಸಂಗತಿ ಒಟ್ಟಿಗೆ ನಡದ್ರ ಒಂದರಿಂದ ಇನ್ನೊಂದು ಆತು ಅಂತಲ್ಲ. ಕೋಳಿ ಕೂಗಿದ್ದಕ್ಕ ಬೆಳಗಾಗತದೇನು?"

"ಕೋಳಿ ಕೂಗದಿದ್ರೂ ಬೆಳಗಾಗತದ, ಒಪ್ಪಿದೆ. ನಿಂಬಿಹಣ್ಣಿಲ್ದ ಗಾಡಿ ನಡಸಿ ತೋರಸು."

ಹುಸೇನಪ್ಪಣ್ಣ ಮೊದಲ ಬಾರಿಗೆ ನಕ್ಕ. ಅತ್ತೆ ಚೀಲದಿಂದ ನಿಂಬೆಹಣ್ಣು, ನಾಲ್ಕು ಮೆಣಸಿನಕಾಯಿ, ಸೆಂಟ್ರಿಂಗಿನವರು ಸಲಾಕೆ ಕಟ್ಟುವ ಕಬ್ಬಿಣದ ತಂತಿ ತೆಗೆದಳು. ಹಣ್ಣಿಗೆ ತಂತಿ ಪೋಣಿಸಿ, ಒಂದು ತುದಿಯನ್ನು ಲೆಗ್ ಗಾರ್ಡಿಗೆ ಸುತ್ತಿದಳು. ಹಣ್ಣು ತೂಗಾಡಿ ಗಾಲಿಗೆ ಬಡಿಯಬಾರದೆಂದು ಇನ್ನೊಂದು ತುದಿಯನ್ನು ಇಂಜಿನ್ನಿನ ಬೋಲ್ಟಿಗೆ ಎಳೆದು, ಇಕ್ಕಳದಿಂದ ತಿರುವಿ ಬಿಗಿದಳು. ನಾನು ಕಿಕ್ಕರ್ ಹೊಡೆದೆ. ಚಿತ್ತವಾಡ್ಗಿಯ ಸುತ್ತ ಒಂದು ಸುತ್ತು ಬಂದೆ. ಗಾಡಿ ಬೆಣ್ಣೆಯ ಮೇಲೆ ಚಾಕು ಆಡಿದ ಹಾಗೆ ಓಡಿತು. ಒಂದು ಟಪ್ ಇಲ್ಲ. ಗಾಡಿ ಸರಿಹೋದದ್ದಕ್ಕೆ ಅಳುವ ಪ್ರಸಂಗ ಯಾರಿಗಾದರೂ ಬಂದಿದೆಯೋ ತಿಳಿಯದು, ನನಗೆ ಬಂತು. ಇಪ್ಪತ್ತಾರು ವರ್ಷ ಕಟ್ಟಿಕೊಂಡು ಬಂದ ವಿಚಾರವಾದವನ್ನು ಒಂದು ನಿಂಬೆಹಣ್ಣು ಉಪ್ಪಿನಕಾಯಿ ಹಾಕಿಬಿಟ್ಟಿತ್ತು.

ಆದರೆ ಪರವಾಗಿ ಮಾತಾಡಿದ ಮೇಲೆ ವಿರೋಧಕ್ಕೂ ಅವಕಾಶವಿರಬೇಕು. ಅದೇ ಹೊತ್ತಿಗೆ ತರಕಾರಿಯ ತಳ್ಳುಗಾಡಿ ತಂದ ಹುಲಿಗೆಮ್ಮನಿಂದ ಒಂದು ಬದನೆಕಾಯಿ ಕೊಂಡೆ. ನಿಂಬೆಹಣ್ಣು ಕಿತ್ತು, ಅದೇ ತಂತಿಯಲ್ಲಿ, ಅದೇ ಜಾಗದಲ್ಲಿ ಬದನೆಕಾಯಿ ಕಟ್ಟಿದೆ. ಗಾಡಿ ಬೆಣ್ಣೆಯಂತೆ ಓಡಿತು. "ಕಂಡೆಯಾ ಅತ್ತೇ!" ಎಂದು ಕೂಗಿದೆ. ಸುತ್ತ ಸೇರಿದ್ದ ಹತ್ತು ಮಂದಿಯೂ ಕಂಡರು. ಆದರೆ ಅವರು ಕಂಡದ್ದೇ ಬೇರೆ.

"ಬದ್ನಿಕಾಯಾಗೂ ಶಕ್ತಿ ಐತಿ ಬಿಡ್ರಿ," ಎಂದಳು ಹುಲಿಗೆಮ್ಮ, ಮಂದಿಯ ಕಡೆ ತಿರುಗಿ. "ಅದರಾಗೂ ನಮ್ಮ ಹೊಲದ ಬದ್ನಿಕಾಯಿ."

ಮೂವರು ಅಲ್ಲಿಯೇ ಬದನೆಕಾಯಿ ಕೊಂಡರು. ನಾನು ಎದೆಗುಂದದೆ, ನಿಂಬೆಹಣ್ಣನ್ನು ನೂಲಿನ ದಾರದಲ್ಲಿ ಕಟ್ಟಿದೆ. ಟಪ್, ಟಪ್, ಟಪ್. ದಾರ ಮೈಲಿಗೆಯಾಗಿರಬೇಕು ಎಂದಳು ಅತ್ತೆ. ದಾರದಲ್ಲಿ ಮೂಲಂಗಿ: ಟಪ್. ತಂತಿಯಲ್ಲಿ ಮೂಲಂಗಿ: ಬೆಣ್ಣೆ. ತಂತಿಯಲ್ಲಿ ಹೀರೇಕಾಯಿ: ಬೆಣ್ಣೆ. ಕೊನೆಗೆ ಏನನ್ನೂ ಪೋಣಿಸದೆ ಬರೀ ತಂತಿ ಬಿಗಿದು ಒಂದು ಸುತ್ತು ಬಂದೆ. ಬೆಣ್ಣೆ! ಗಾಡಿ ನಿಲ್ಲಿಸಿ ಇಳಿದಾಗ ಹುಸೇನಪ್ಪಣ್ಣ ಅಂಡು ನೆಲಕ್ಕೂರಿ ಆ ತಂತಿಯ ಎರಡು ತುದಿಗಳನ್ನೇ ನೋಡುತ್ತಿದ್ದ. ಒಂದು ತುದಿ ಇಂಜಿನ್ನಿನಲ್ಲಿ, ಇನ್ನೊಂದು ಚಾಸಿಗೆ ಕಚ್ಚಿಕೊಂಡ ಲೆಗ್ ಗಾರ್ಡಿನಲ್ಲಿ. ಬ್ಲೇಡು ತೆಗೆದು ಇಂಜಿನ್ ಕೂರುವ ಕಡೆ ಚಾಸಿಯನ್ನು ಕೆರೆದ. ದೋಸೆಯಂತೆ ಬಣ್ಣ ಎದ್ದುಬಂತು.

"ಅರ್ಥಿಂಗ್ ಇಲ್ರೀ ಮೇಡಂ. ಬ್ಯಾಟರಿ ಚಾಸಿಗೆ ಕಟ್ಟೇತಿ, ಕಿಡಿ ಇಂಜಿನ್ನಾಗ ಹುಟ್ಟತೈತಿ. ನಡುವ ಈ ಪೇಂಟರ್ ಗ್ವಾಡಿ ಕಟ್ಟಿಬಿಟ್ಟಾನ. ಕರೆಂಟು ಹೋದದ್ದು ಹೊಳ್ಳಿ ಬರಾಕ ದಾರಿ ಇಲ್ಲ. ಅಮ್ಮಾರ ತಂತೀನ ದಾರಿ ಆಗಿತ್ತು."

ಎಲ್ಲವೂ ಬಿಡಿಸಿದ ಬಾಳೆಹಣ್ಣಿನಂತೆ ಸ್ಪಷ್ಟವಾಯಿತು. ಗಾಡಿ ಕುಲುಕಿ ಕುಲುಕಿ ತಿಂಗಳ ಕೊನೆಗೆ ತಂತಿ ಸಡಿಲವಾಗುತ್ತಿತ್ತು, ಗಾಡಿ ಕೆಮ್ಮುತ್ತಿತ್ತು. ಅಮಾವಾಸ್ಯೆಗೆ ಅತ್ತೆ ಹೊಸದಾಗಿ ಬಿಗಿಯುತ್ತಿದ್ದಳು, ಕೆಮ್ಮು ನಿಲ್ಲುತ್ತಿತ್ತು. ನಾನು ಬಂದು ಅದನ್ನು ಕತ್ತರಿಸಿ, ನಾಲ್ಕು ದಿನ ಕಂಡ ಕಂಡ ನಿರಪರಾಧಿಗಳನ್ನೆಲ್ಲ ಬಂಧಿಸಿದ್ದೆ. ಹುಸೇನಪ್ಪಣ್ಣ ಬಣ್ಣ ಕೆರೆದು, ಇಂಜಿನ್ನಿನಿಂದ ಚಾಸಿಗೆ ದಪ್ಪನೆಯ ವೈರು ಹಾಕಿ ಬೋಲ್ಟು ಬಿಗಿದ. ಗಾಡಿ ಯಾವ ತರಕಾರಿಯ ನೆರವೂ ಇಲ್ಲದೆ ಓಡಿತು. ನಾನು ಅತ್ತೆಯ ಮುಂದೆ ವಿಜಯದ ಠೀವಿಯಲ್ಲಿ ನಿಂತೆ.

"ಅಂದ್ರ ನಾ ಕಟ್ಟಿದ್ದರಿಂದ ಗಾಡಿ ನಡೀತಿತ್ತು ಅಂತಾತಲ್ಲ?" ಎಂದಳು ಅತ್ತೆ.

"ಹೌದು. ಆದ್ರ ನಿಂಬಿಹಣ್ಣಿನಿಂದ ಅಲ್ಲ, ತಂತಿಯಿಂದ."

"ತಂತಿ ಯಾತಕ್ಕ ಕಟ್ಟಿದ್ದೆ ನಾ?"

"ನಿಂಬಿಹಣ್ಣಿನ ಸಲುವಾಗಿ."

"ಮತ್ತ?" ಎಂದಳು, ಆಟೋ ಹತ್ತಿದಳು. ಹಲವಾರು ಸ್ಪರ್ಧೆಗಳಿಗೆ ತೀರ್ಪುಗಾರ್ತಿಯಾಗಿ ಕೂತಿದ್ದೇನೆ. ಆ 'ಮತ್ತ'ಕ್ಕೆ ನಾನಾಗಿದ್ದರೂ ಪೂರ್ತಿ ಅಂಕ ಕೊಡಬೇಕಾಗುತ್ತಿತ್ತು.

ಭಾನುವಾರ ಬಂತು. ಮಾಮ ಇಸ್ತ್ರಿ ಅಂಗಿ ಹಾಕಿ, 'ಟಪ್' ತಪ್ಪದೆ ಕೇಳಿಸಲೆಂದು ಕಿವಿಗೆ ಹತ್ತಿ ಹಾಕಿಕೊಳ್ಳದೆ, ಅತ್ತೆ ಕೊಟ್ಟ ಮೊಸರನ್ನದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತ. ಅತ್ತೆ ನಿಂಬೆಹಣ್ಣಿನ ಮಾತೇ ಎತ್ತಲಿಲ್ಲ, ಅದರಿಂದ ನನಗೆ ತುಸು ನಿರಾಸೆಯೇ ಆಯಿತು. ಉತ್ತರ ಬರೆದುಕೊಂಡು ಬಂದವಳಿಗೆ ಪ್ರಶ್ನೆಯೇ ಬೀಳದ ಹಾಗೆ. ಊರು ದಾಟಿ ಸಂಡೂರಿನ ದಾರಿ ಹಿಡಿದೆವು. ಲಾರಿಗಳು ಎಬ್ಬಿಸಿದ ಕೆಂಪು ಧೂಳಿನಲ್ಲಿ ಮಾಮನ ಬಿಳಿಯಂಗಿ ಗುಲಾಬಿಯಾಗಿ, ಗುಲಾಬಿ ಇಟ್ಟಿಗೆಯಾಯಿತು. ಕಾಟಾದ ಮುಳ್ಳು ನಿಲ್ಲುವವರೆಗೆ ಅವನು ಉಸಿರಾಡುವುದೂ ಕಮ್ಮಿಯೇ. ಘಾಟಿಯ ಮೊದಲ ತಿರುವು, ಎರಡನೆಯ ತಿರುವು. ಗೇರು ಇಳಿಸಿದೆ. ಹೂಕುಂಡ, ನಲ್ಲಿ, ಪಲಾವಿನ ಕೈಗಳು ಪ್ರತಿ ತಿರುವಿನಲ್ಲೂ ಎದುರಿಗೆ ಬಂದಂತೆ ಕಂಡವು. ಗಾಡಿ ಮಾತ್ರ ಡುಗುಡುಗು ಎನ್ನುತ್ತ, ಹೆಂಗಸರು ಹಾಡು ಹೇಳುತ್ತ ಬೀಸುಕಲ್ಲು ಬೀಸಿದ ಹಾಗೆ ಏರಿತು. ಒಂದೇ ಒಂದು ಟಪ್ ಇಲ್ಲ! ಮೇಲೆ ಮುಟ್ಟಿ, ಆನಂದದಲ್ಲಿ ಗೇರಿನಲ್ಲಿದ್ದಂತೆಯೇ ಬ್ರೇಕ್ ಹಾಕಿದೆ. ಇಂಜಿನ್ ಜರ್ಕು ಹೊಡೆದು ನಿಂತಿತು.

ಆ ಗಳಿಗೆಯಲ್ಲಿ ನಾನು "ಮಾಮಾ, ಗಾಡಿ ನಂದು" ಎಂದಷ್ಟೇ ಹೇಳಿ, ಕಿಕ್ಕರ್ ಹೊಡೆದು ಮನೆಗೆ ಬರಬಹುದಿತ್ತು. ಆದರೆ ಮಾಮ ಇಳಿಯುತ್ತ ಒಂದು ಮಾತು ಅಂದ. "ಅಂತೂ ನಿಮ್ಮತ್ತಿ ಹಚ್ಚಿದ ತಂತಿ ಕೆಲಸ ಮಾಡ್ತು ನೋಡು." ಇಷ್ಟು ಸಾಕಾಯಿತು. ರಸ್ತೆಯ ಬದಿಯ ಕೆಂಪು ಮಣ್ಣಿನಲ್ಲಿ ಕಡ್ಡಿಯಿಂದ ನಕ್ಷೆ ಬರೆದೆ. ಮೊಸರನ್ನದ ಡಬ್ಬಿ ಬ್ಯಾಟರಿ, ಅದರ ಮುಚ್ಚಳ ಇಂಜಿನ್, ಚಮಚೆ ಅತ್ತೆಯ ತಂತಿ, ಉಪ್ಪಿನಕಾಯಿಯ ಪೊಟ್ಟಣ ಪೇಂಟರು. ಒಂದು ಅದಿರಿನ ಲಾರಿ ನಿಂತು ಡ್ರೈವರ್ ಇಳಿದ, ಏನಾದರೂ ಸಹಾಯ ಬೇಕಾ ಎಂದು ಕೇಳಿದ. ಅವನ ಲಾರಿಯ ಮೂತಿಗೂ ನಿಂಬೆಹಣ್ಣು ಇತ್ತು. ಅವನನ್ನೂ ಕೂರಿಸಿಕೊಂಡೆ. ನಿಂಬೆಹಣ್ಣಿಲ್ಲದ ಎಷ್ಟು ಲಾರಿಗಳು ಸುಖವಾಗಿ ಮನೆ ಸೇರಿವೆ, ನಿಂಬೆಹಣ್ಣಿದ್ದ ಎಷ್ಟು ಲಾರಿಗಳ ಟೈರು ಸಿಡಿದಿವೆ ಎಂದು ಅವನಿಂದಲೇ ಹೇಳಿಸಿದೆ. ಡ್ರೈವರ್ ಎದ್ದುಹೋಗಿ, ಇದ್ದ ನಿಂಬೆಹಣ್ಣಿನ ಪಕ್ಕಕ್ಕೆ ಇನ್ನೊಂದು ಕಟ್ಟಿ ಬಂದು ಕೂತ. ನಾನು ಮತ್ತೆ ಮೊದಲಿನಿಂದ ಶುರು ಮಾಡಿದೆ. ಒಟ್ಟು ನಲವತ್ತು ನಿಮಿಷ. ಗಂಟೆ ಬಾರಿಸುವವರು ಯಾರೂ ಇರಲಿಲ್ಲ.

ಎದ್ದು ಧೂಳು ಕೊಡವಿ ಕಿಕ್ಕರ್ ಹೊಡೆದೆ. ಏನೂ ಇಲ್ಲ. ಇಪ್ಪತ್ತು ಸಲ ಹೊಡೆದೆ. ಹಾರ್ನ್ ಒತ್ತಿದರೆ ಮುದಿ ಸೊಳ್ಳೆಯೊಂದು ಕೊನೆಯ ಮಾತು ಹೇಳಿದ ಹಾಗೆ 'ಯ್ಯೀ' ಎಂದಿತು. ಕಾಯಿಲ್ ಮುಟ್ಟಿದರೆ ಬೆರಳು ಚುರ್ರೆಂದಿತು. ಹುಸೇನಪ್ಪಣ್ಣನಿಗೆ ಫೋನ್ ಮಾಡಿದೆ.

"ಗಾಡಿ ನಿಂತ ಮ್ಯಾಲೆ ಚಾವಿ ಆಫ್ ಮಾಡಿದ್ರೇನ್ರಿ ಮೇಡಂ?"

ಚಾವಿ ನೋಡಿದೆ. ಆನ್ ಆಗಿಯೇ ಇತ್ತು. ಇಂಜಿನ್ ತಾನೇ ನಿಂತಿತ್ತು, ಅಷ್ಟರಲ್ಲಿ ನನ್ನ ಬಾಯಿ ತೆರೆದಿತ್ತು. "ಇಲ್ಲ ಅಣ್ಣಾ."

"ಎಷ್ಟು ಹೊತ್ತಾತು?"

"ನಲವತ್ತು ನಿಮಿಷ."

"ಪಾಯಿಂಟ್ ಮುಚ್ಚಿ ನಿಂತಿರತೈತ್ರಿ. ಬ್ಯಾಟರಿ ಎಲ್ಲಾ ಕಾಯಿಲ್‌ಗೆ ಹರದು, ಎರಡೂ ಸತ್ತಾವು. ಗಾಡಿ ಚಲೋ ಆಗಿತ್ರಿ ಮೇಡಂ... ಹೋಗ್ಲಿ ಬಿಡ್ರಿ," ಎಂದು ಫೋನ್ ಇಟ್ಟ. ಲಾರಿ ಡ್ರೈವರ್ ಗಾಡಿಯ ಮುಂಭಾಗಕ್ಕೆ ಬಂದು, ಖಾಲಿ ಇದ್ದ ಲೆಗ್ ಗಾರ್ಡನ್ನು ನೋಡಿ, ನನ್ನ ಮುಖ ನೋಡಿದ. ಒಳ್ಳೆಯವನು. "ನನ್ನ ಹತ್ರ ಇನ್ನೊಂದು ಹಣ್ಣು ಐತ್ರಿ ಅಕ್ಕಾರ" ಎಂದಷ್ಟೇ ಮೆಲ್ಲಗೆ ಹೇಳಿದ.

ಮಾಮ ನಿಟ್ಟುಸಿರು ಬಿಟ್ಟ. "ಸೋಮವಾರ ಟೆಂಪೋಕ್ಕ ಹೇಳತೀನವಾ."

"ಯಾಕ?" ಎಂದು ತಿರುಗಿ ನಿಂತೆ. "ನಿನ್ನ ಷರತ್ತು ಏನಿತ್ತು ಮಾಮಾ? ಮ್ಯಾಲೆ ಮುಟ್ಟೋತನಕ 'ಟಪ್' ಅನ್ನಬಾರದು. ಗಾಡಿ ಮ್ಯಾಲೆ ಮುಟ್ಟೇದ. 'ಟಪ್' ಅಂತೇನು? ಈಗಾದ್ರೂ ಅನ್ನಾಕ ಹತ್ತೇದೇನು? ಎಂದಾದ್ರೂ ಇಷ್ಟು ಸುಮ್ನ ಇದ್ದಿದ್ದು ನೋಡಿಯೇನು? ಹೊಳ್ಳಿ ಮನಿಗೆ ಹೋಗಬೇಕು ಅಂತ ಷರತ್ತಿನಾಗ ಎಲ್ಲಿತ್ತು?"

ಮಾಮ ಆಕಾಶ ನೋಡಿದ. ತುಟಿ ಅಲ್ಲಾಡಿಸುತ್ತ ತನ್ನ ಮಾತನ್ನೇ ಒಮ್ಮೆ ತೂಗಿದ. ಮುಳ್ಳು ಗೆರೆಯ ಈಚೆಗೇ ನಿಂತಿರಬೇಕು. "ಖರೆ ಅದ," ಎಂದ. "ಗಾಡಿ ನಿಂದು." ನಾನು ಗಾಡಿಯ ಟ್ಯಾಂಕನ್ನು ತಬ್ಬಿಕೊಂಡೆ. ತಲೆ ಎತ್ತುವಷ್ಟರಲ್ಲಿ ಮಾಮ ಮೊಸರನ್ನದ ಡಬ್ಬಿಯೊಂದಿಗೆ ಲಾರಿಯ ಕ್ಯಾಬಿನ್ನಿನಲ್ಲಿ ಕೂತಾಗಿತ್ತು. ಅಲ್ಲಿ ಇನ್ನೊಬ್ಬರಿಗೆ ಜಾಗ ಇರಲಿಲ್ಲ, ಅದಿರಿನ ಮೇಲೆ ಗಾಡಿ ಹೇರುವ ಮಾತಂತೂ ಇಲ್ಲ. "ಮಾಮಾ, ಇದನ್ನ ಯಾರು ತಳ್ಳಬೇಕು?" ಎಂದು ಕೂಗಿದೆ. "ನಂದಿದ್ದಿದ್ರ ನಾ ತಳ್ಳತಿದ್ದೆವಾ," ಎಂದ. ಲಾರಿ ಹೊರಟಿತು.

ಇಳಿಜಾರು ಇರುವಷ್ಟು ದೂರ ಗಾಡಿಯ ಮೇಲೆ ಕೂತು, ಎಂದೂ ಮರೆಯಲಾಗದ ನಿಶ್ಶಬ್ದದಲ್ಲಿ ತೇಲಿ ಬಂದೆ. ಆಮೇಲೆ ಸಮತಟ್ಟು, ಬಿಸಿಲು, ಧೂಳು. ತಳ್ಳತೊಡಗಿದೆ. ಸೈಕಲ್ಲಿನವನೊಬ್ಬ ಇಳಿದು ಗಾಡಿಗೆ ಏನಾಗಿದೆ ಎಂದು ಕೇಳಿದ. ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ ಅಜ್ಜಿ ಕೇಳಿದಳು. ಕಬ್ಬಿನಹಾಲಿನವನು ಕೇಳಿದ. ನಡೆದದ್ದನ್ನು ನಡೆದಂತೆ ಹೇಳಬೇಕೆಂದರೆ ಬಣ್ಣ, ಅರ್ಥಿಂಗ್, ಪಾಯಿಂಟು, ಚಾವಿ, ಎಲ್ಲ ಸೇರಿ ನಲವತ್ತು ನಿಮಿಷ ಬೇಕು. ನನ್ನಲ್ಲಿ ಉಳಿದಿದ್ದುದು ಎರಡು ಪದಕ್ಕಾಗುವಷ್ಟು ಉಸಿರು.

"ದೃಷ್ಟಿ ಆಗೇದ್ರಿ," ಎಂದೆ. ಮೂವರೂ ತಕ್ಷಣ ಒಪ್ಪಿಕೊಂಡರು. ಅದಕ್ಕೆ ಆಧಾರವೇನೆಂದು ಒಬ್ಬರೂ ಕೇಳಲಿಲ್ಲ.